ಯಾವ ಮನೆಗೆ ಎಂಥ ಥೆರಪಿಸ್ಟ್? ಫ್ಯಾಮಿಲಿ ಥೆರಪಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಟುಂಬಗಳ ಜೊತೆ ಕೆಲಸ ಮಾಡುವ ಥೆರಪಿಸ್ಟ್. ಇಲ್ಲಿರುವ ಪ್ರಶ್ನೆಗಳಲ್ಲಿ ಅರ್ಧ ಥೆರಪಿಗೆ ಬರುವ ಮನೆಯವರು ಕೇಳಿದ್ದು, ಇನ್ನರ್ಧ ಈ ಕೆಲಸಕ್ಕೆ ಹೊಸದಾಗಿ ಬಂದವರು ಕೇಳಿದ್ದು. ಎರಡನ್ನೂ ಬೇರೆ ಮಾಡಲು ಹೋಗಲಿಲ್ಲ. ಸುತ್ತಿ ಬಳಸಿ ಎಲ್ಲರೂ ಕೇಳುವುದು ಒಂದೇ: ಈ ಥೆರಪಿಸ್ಟ್‌ಗೂ ಈ ಮನೆಗೂ ಹೊಂದುತ್ತದಾ? ಉದಾಹರಣೆಯಾಗಿ ಬರುವ ಮನೆಗಳು ಹಲವು ಮನೆಗಳನ್ನು ಕಲಸಿ ಮಾಡಿದವು. ಇವರು ಯಾರಿರಬಹುದು ಅಂತ ಹುಡುಕಬೇಡಿ.

ಎಲ್ಲ ಮನೆಗೂ ಒಂದೇ ಥರದ ಥೆರಪಿ ಸಾಕಾಗಲ್ವಾ?

ಸಾಕಾಗಲ್ಲ, ಒಂದೊಂದು ಮನೆಯ ಜಾಯಮಾನ ಒಂದೊಂದು ಥರ. "ಎಲ್ಲರೂ ಕೂತು ಮನಸ್ಸು ಬಿಚ್ಚಿ ಮಾತಾಡಿ" ಎನ್ನುವ ಸಲಹೆಯನ್ನೇ ತಗೊಳ್ಳಿ. ಕೇಳಲು ಎಷ್ಟು ಚೆನ್ನಾಗಿದೆ. ದಿನಾ ರಾತ್ರಿ ಹನ್ನೆರಡರವರೆಗೆ ಮಾತಾಡಿ ಮಾತಾಡಿ ಸುಸ್ತಾದ ಮನೆಗೆ ಇದನ್ನು ಹೇಳಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಅಪ್ಪ ಮಾತಾಡಿದ ಮೇಲೆ ಯಾರೂ ತುಟಿ ಬಿಚ್ಚದ ಮನೆಗೆ ಹೇಳಿದರೆ, ಮಗಳು ನನ್ನ ಮುಂದೆ ಧೈರ್ಯ ಮಾಡಿ ಏನೋ ಒಂದು ಹೇಳುತ್ತಾಳೆ, ನಾನು ಖುಷಿಪಡುತ್ತೇನೆ, ಅದರ ಫಲವನ್ನು ಅವಳು ಮನೆಗೆ ಹೋದ ಮೇಲೆ ಉಣ್ಣುತ್ತಾಳೆ.

ಇನ್ನೊಂದು ವಿಷಯ. ಅಮೆರಿಕದ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಮೇರಿಯನ್ ಫೋರ್ಗ್ಯಾಚ್ 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಹೆತ್ತವರಿಗೆ ಕಲಿಸುವ ಸೆಷನ್‌ಗಳಲ್ಲಿ ಥೆರಪಿಸ್ಟ್ ಏನು ಮಾಡಿದಾಗ ಹೆತ್ತವರು ಹೇಗೆ ತಿರುಗಿಬೀಳುತ್ತಾರೆ ಎಂದು ಅವರು ನೋಡಿದ್ದರು. ಥೆರಪಿಸ್ಟ್ ಪಾಠ ಹೇಳಲು ಅಥವಾ ಎದುರಾಡಲು ಶುರು ಮಾಡಿದರೆ ವಿರೋಧ ಜಾಸ್ತಿಯಾಗುತ್ತಿತ್ತು, ಬೆಂಬಲಕ್ಕೆ ನಿಂತಾಗ ಕಡಿಮೆಯಾಗುತ್ತಿತ್ತು. ಕಷ್ಟ ಏನೆಂದರೆ ಆ ಥೆರಪಿಯ ಕೆಲಸವೇ ಕಲಿಸುವುದು! ಅದಕ್ಕೇ ನಾನು "ಈ ತಾಯಿ ಸಹಕರಿಸುತ್ತಿಲ್ಲ" ಎಂದು ಬರೆದುಕೊಳ್ಳುವ ಮೊದಲು, ಅದಕ್ಕೆ ಸ್ವಲ್ಪ ಮುಂಚೆ ನನ್ನ ಬಾಯಿಂದ ಏನು ಬಂತು ಅಂತ ಒಮ್ಮೆ ನೆನಪಿಸಿಕೊಳ್ಳುತ್ತೇನೆ.

ಮನೆಯ ಜಾಯಮಾನ ಅಂತ ನೀವು ಪದೇ ಪದೇ ಹೇಳುತ್ತೀರಿ. ಹಾಗಂದರೇನು?

ಮನುಷ್ಯರಿಗೆ ಇರುವ ಹಾಗೆ ಮನೆಗೂ ಒಂದು ಸ್ವಭಾವ ಇರುತ್ತದೆ. ಡೇವಿಡ್ ಕ್ಯಾಂಟರ್ ಮತ್ತು ವಿಲಿಯಂ ಲೆಹ್ರ್ ಎಂಬಿಬ್ಬರು ಮನೆಗಳ ಒಳಗಿನ ದಿನನಿತ್ಯದ ಬದುಕನ್ನೇ ಹತ್ತಿರದಿಂದ ನೋಡಿ, 1975ರಲ್ಲಿ ಮೂರು ಬಗೆಯ ಕುಟುಂಬಗಳನ್ನು ಗುರುತಿಸಿದರು. 1986ರಲ್ಲಿ ಲ್ಯಾರಿ ಕಾನ್‌ಸ್ಟಂಟೈನ್ ಅದಕ್ಕೆ ನಾಲ್ಕನೆಯದನ್ನು ಸೇರಿಸಿ, ಯಾವ ಬಗೆಯ ಮನೆಯನ್ನು ಹೇಗೆ ಮುಟ್ಟಬೇಕು ಎಂದೂ ಬರೆದರು. (ಈ ಕಾನ್‌ಸ್ಟಂಟೈನ್ ಸಾಫ್ಟ್‌ವೇರ್ ವಿನ್ಯಾಸದಲ್ಲೂ ದೊಡ್ಡ ಹೆಸರು. ಪ್ರೋಗ್ರಾಮಿನ ಭಾಗಗಳು ಒಂದಕ್ಕೊಂದು ಎಷ್ಟು ಅಂಟಿಕೊಂಡಿರಬೇಕು ಎಂದು ಯೋಚಿಸಿದ ಮನುಷ್ಯನೇ ಮನೆಮಂದಿ ಎಷ್ಟು ಅಂಟಿಕೊಂಡಿರಬೇಕು ಅಂತಲೂ ಯೋಚಿಸಿದ್ದು ನನಗೆ ಯಾವಾಗಲೂ ಮಜಾ ಅನಿಸುತ್ತದೆ.)

ಅವರು ಇಟ್ಟ ಹೆಸರುಗಳನ್ನು ಬಿಡಿ, ನಾನು ನನ್ನ ಮಾತಲ್ಲಿ ಹೇಳುತ್ತೇನೆ. ಮಗಳು ಬಂದು "ಕೆಲಸ ಸಿಕ್ಕಿದೆ, ಬೇರೆ ಊರಿಗೆ ಹೋಗ್ತೀನಿ" ಎಂದಳು ಅಂತ ಇಟ್ಟುಕೊಳ್ಳಿ.

ಕಟ್ಟುನಿಟ್ಟಿನ ಮನೆಯಲ್ಲಿ ಮೊದಲ ಪ್ರಶ್ನೆ "ಅಪ್ಪನ್ನ ಕೇಳಿದ್ಯಾ?" ಅಲ್ಲಿ ಪದ್ಧತಿ, ಹಿರಿಯರ ಮಾತು, ಮನೆಯ ಹೆಸರು ಮುಖ್ಯ. ತಮ್ಮ ಪಾಡಿಗೆ ತಾವಿರುವ ಮನೆಯಲ್ಲಿ "ಹೌದಾ, ಸೂಪರ್, ಯಾವಾಗ?" ಎಂದು ಕೇಳಿ ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಾರೆ, ಅವಳು ಹೊರಡುವ ದಿನ ತಮ್ಮನಿಗೆ ಗೊತ್ತೇ ಇರುವುದಿಲ್ಲ. ಕೂತು ಮಾತಾಡುವ ಮನೆಯಲ್ಲಿ ಅವತ್ತೇ ಚರ್ಚೆ ಶುರು: ಅನುಕೂಲ ಏನು, ಅನಾನುಕೂಲ ಏನು, ನಿನಗೆ ಹೇಗನಿಸುತ್ತಿದೆ, ಅಮ್ಮನಿಗೆ ಹೇಗನಿಸುತ್ತಿದೆ. ನಾಲ್ಕನೆಯದು ಹೇಳದೇ ತಿಳಿಯುವ ಮನೆ. ಅಲ್ಲಿ ಯಾರೂ ಏನೂ ಅನ್ನುವುದಿಲ್ಲ. ಆದರೆ ಅಮ್ಮ ಆವತ್ತು ಬೇಗ ಮಲಗುತ್ತಾರೆ, ಮಗಳಿಗೆ ಅರ್ಥವಾಗುತ್ತದೆ, ಕೆಲಸದ ವಿಷಯ ಮತ್ತೆ ಬರುವುದೇ ಇಲ್ಲ.

ಇದರಲ್ಲಿ ಯಾವುದು ಒಳ್ಳೆಯ ಮನೆ?

ನಾಲ್ಕೂ. ಓದಿಕೊಂಡವರಿಗೆ ಕೂತು ಮಾತಾಡುವ ಮನೆಯೇ ಸರಿ ಅನಿಸುತ್ತದೆ, ಯಾಕೆಂದರೆ ಥೆರಪಿಸ್ಟ್‌ಗಳು ಬರೆದಿದ್ದನ್ನೇ ಅವರು ಓದಿರುತ್ತಾರೆ, ಥೆರಪಿಸ್ಟ್‌ಗಳು ಬದುಕುವುದೇ ಮಾತಿನ ಮೇಲೆ. ಕಟ್ಟುನಿಟ್ಟಿನ ಮನೆಯಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ನೆಲ ಗಟ್ಟಿಯಾಗಿದೆ ಎನ್ನುವ ಧೈರ್ಯ ಇರುತ್ತದೆ. ತಮ್ಮ ಪಾಡಿಗೆ ಬಿಟ್ಟ ಮನೆಯಿಂದ ಬಂದವರು ಹೊಸದಕ್ಕೆ ಹೆದರುವುದಿಲ್ಲ.

ತೊಂದರೆ ಬರುವುದು ಮನೆಗೆ ಕಷ್ಟ ಬಂದಾಗ. ಆಗ ಪ್ರತಿ ಮನೆಯೂ ತನಗೆ ಗೊತ್ತಿದ್ದನ್ನೇ ಇನ್ನೂ ಜಾಸ್ತಿ ಮಾಡುತ್ತದೆ. ಕಟ್ಟುನಿಟ್ಟಿನ ಮನೆ ಇನ್ನೆರಡು ನಿಯಮ ಹಾಕಿ ಬಾಗಿಲು ಭದ್ರ ಮಾಡುತ್ತದೆ. ತಮ್ಮ ಪಾಡಿನ ಮನೆ ದಿಕ್ಕಿಗೊಬ್ಬರಾಗಿ ಚೆದುರುತ್ತದೆ. ಮಾತಿನ ಮನೆ ಮಾತಲ್ಲೇ ಮುಳುಗಿ ಯಾವ ತೀರ್ಮಾನಕ್ಕೂ ಬರುವುದಿಲ್ಲ. ಹೇಳದ ಮನೆ ಇನ್ನೂ ಮೌನವಾಗಿ, ಏನೂ ಆಗಿಲ್ಲ ಎನ್ನುವಂತೆ ದಿನ ಕಳೆಯುತ್ತದೆ. ನಮ್ಮ ಹತ್ತಿರ ಬರುವ ಹೊತ್ತಿಗೆ ಮನೆ ಈ ಸ್ಥಿತಿಯಲ್ಲಿರುತ್ತದೆ ಎನ್ನುವುದನ್ನು ಮರೆಯಬಾರದು. ನಾವು ನೋಡುವುದು ಆ ಮನೆಯ ಕೆಟ್ಟ ದಿನದ ಮುಖವನ್ನು.

ಕಟ್ಟುನಿಟ್ಟಿನ ಮನೆಯವರ ಜೊತೆ ಹೇಗೆ ಶುರು ಮಾಡಬೇಕು?

ನಾನು ಕೆಡಿಸಿದ ಒಂದು ಸೆಷನ್ ಹೇಳುತ್ತೇನೆ. ಐದು ಕುರ್ಚಿ ಇದ್ದವು. ಅಪ್ಪ ನಿಂತುಕೊಂಡೇ ಯಾರು ಎಲ್ಲಿ ಕೂರಬೇಕು ಎಂದು ಕಣ್ಣಲ್ಲೇ ತೋರಿಸಿದರು, ಕೊನೆಗೆ ನನ್ನ ಎದುರಿನ ಕುರ್ಚಿಯಲ್ಲಿ ತಾವು ಕೂತರು. ನಾನು ಹದಿನಾಲ್ಕರ ಮಗನನ್ನು "ಸ್ಕೂಲಲ್ಲಿ ಹೇಗಿದೆಯಪ್ಪಾ?" ಎಂದು ಕೇಳಿದೆ. ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಉತ್ತರ ಕೊಟ್ಟರು. ನಾನು, ಆಗಿನ್ನೂ ಹೊಸಬ, "ಅವನೇ ಹೇಳಲಿ ಬಿಡಿ ಸರ್" ಎಂದೆ. ಅಪ್ಪ ನಕ್ಕರು. ತಾಯಿ ಬ್ಯಾಗಿನ ಜಿಪ್ ಹಾಕಿದರು, ಮತ್ತೆ ತೆಗೆದರು, ಮತ್ತೆ ಹಾಕಿದರು. ಮುಂದಿನ ವಾರ ಫೋನ್ ಬಂತು: "ಅವನಿಗೆ ಈಗ ಪರವಾಗಿಲ್ಲ, ಬೇಕಾದರೆ ನಾವೇ ಹೇಳ್ತೀವಿ."

ಆ ಜಿಪ್ ಶಬ್ದ ನನಗೆ ಆಗಲೇ ಕೇಳಿಸಿತ್ತು. ಅರ್ಥವಾಗಿದ್ದು ತಡವಾಗಿ. ನಾನು ಹೆಂಡತಿ ಮಕ್ಕಳ ಮುಂದೆ ಮನೆಯ ಯಜಮಾನನ ಕೈಯಿಂದ ಲಗಾಮು ಕಿತ್ತುಕೊಂಡಿದ್ದೆ, ಅದೂ ಐದನೇ ನಿಮಿಷದಲ್ಲಿ.

ಈಗ ಅಂಥ ಮನೆ ಬಂದರೆ ಮೊದಲು ಅಪ್ಪನ ಜೊತೆಗೋ ಅಜ್ಜಿಯ ಜೊತೆಗೋ, ಒಟ್ಟಿನಲ್ಲಿ ಆ ಮನೆ ಯಾರ ಮಾತು ಕೇಳುತ್ತದೋ ಅವರ ಜೊತೆ ಮಾತಾಡುತ್ತೇನೆ. "ಇಷ್ಟು ವರ್ಷ ಮನೆ ನಡೆಸಿಕೊಂಡು ಬಂದವರು ನೀವು. ಮಗನಿಗೆ ಒಂದೆರಡು ಪ್ರಶ್ನೆ ಕೇಳಬಹುದಾ? ಅವನ ಉತ್ತರ ನಿಮಗೆ ಹಿಡಿಸದಿದ್ದರೆ ನನಗೆ ಹೇಳಿ, ಅವನಿಗೆ ಬೇಡ." ಈ ಕೊನೆಯ ಮಾತು ಬಹಳ ಕೆಲಸ ಮಾಡುತ್ತದೆ. ಅಪ್ಪನ ಜಾಗ ಅಪ್ಪನಿಗೇ ಉಳಿಯಿತು, ಮಗನಿಗೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತು, ಅನುಮತಿ ಕೊಟ್ಟಿದ್ದು ಅಪ್ಪನೇ.

ಅರ್ಜೆಂಟೀನಾದಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡಿದ ಸಾಲ್ವಡೋರ್ ಮಿನುಚಿನ್ (1921–2017) ಇದನ್ನು ಮನೆಯ ಜೊತೆ ಸೇರಿಕೊಳ್ಳುವುದು ಎಂದು ಕರೆದರು. ಅವರ ಪದ್ಧತಿಯಲ್ಲಿ ಮನೆಯೊಳಗಿನ ಮೇಲು ಕೆಳಗು, ಯಾರ ಗಡಿ ಎಲ್ಲಿ, ಯಾರು ಯಾರ ಕೆಲಸದಲ್ಲಿ ಕೈ ಹಾಕುತ್ತಾರೆ ಎನ್ನುವುದೇ ಮುಖ್ಯ. ನಿಧಾನವಾಗಿ ಮಾತಾಡುವ ಮನೆಯಲ್ಲಿ ಥೆರಪಿಸ್ಟ್ ಕೂಡ ನಿಧಾನವಾಗಬೇಕು, ತಮಾಷೆಯ ಮನೆಯಲ್ಲಿ ತಮಾಷೆ ಮಾಡಬೇಕು ಎನ್ನುತ್ತಿದ್ದರು. ಹಾಗೆ ಸೇರಿಕೊಂಡ ಮೇಲೆ ಮನೆಯನ್ನು ಅಲುಗಾಡಿಸುವುದರಲ್ಲೂ ಅವರು ಹಿಂದೆ ಬೀಳುತ್ತಿರಲಿಲ್ಲ. ನಿಯಮಗಳನ್ನು ನಂಬುವ ಮನೆಗೆ ನಿಯಮದ ಭಾಷೆಯಲ್ಲೇ ಬದಲಾವಣೆ ಹೇಳಬಹುದು: "ಇನ್ನು ಮೇಲೆ ಈ ಮನೆಯ ಒಂದು ಹೊಸ ನಿಯಮ, ವಾರಕ್ಕೆ ಅರ್ಧ ಗಂಟೆ ಮಗ ಹೇಳುತ್ತಾನೆ, ಅಪ್ಪ ಕೇಳುತ್ತಾರೆ."

ತಮ್ಮ ಪಾಡಿಗೆ ತಾವಿರುವ ಮನೆ? ಅವರು ಹೇಳಿದ ಟೈಮಿಗೇ ಬರಲ್ಲ!

ಬರುವುದಿಲ್ಲ. ಬಂದರೂ ನಾಲ್ಕು ಜನರಲ್ಲಿ ಇಬ್ಬರು ಬರುತ್ತಾರೆ, ಇನ್ನೊಬ್ಬರು ಅರ್ಧ ಗಂಟೆ ತಡವಾಗಿ ಐಸ್‌ಕ್ರೀಮ್ ಹಿಡಿದುಕೊಂಡು ಬರುತ್ತಾರೆ. ಇಲ್ಲಿ ಮೊದಲ ದಿನವೇ ನಿಯಮ ಪಟ್ಟಿ ಕೊಟ್ಟರೆ ಅವರು ನಗುತ್ತಾ ತಗೊಂಡು ಹೋಗಿ ಎಲ್ಲೋ ಮರೆಯುತ್ತಾರೆ. ಈ ಮನೆಗೆ ಲವಲವಿಕೆಯ ಥೆರಪಿಸ್ಟ್ ಬೇಕು. ಆಟ, ಚಿತ್ರ, ಪಾತ್ರ ಬದಲಿಸಿ ನಟಿಸುವುದು, ಥಟ್ಟನೆ ಒಂದು ವಿಚಿತ್ರ ಪ್ರಶ್ನೆ, ಇವೆಲ್ಲ ಇಲ್ಲಿ ನಡೆಯುತ್ತವೆ.

ಆದರೆ ಒಂದು ಕಡೆ ಮಾತ್ರ ಗಟ್ಟಿ ನಿಲ್ಲಬೇಕು. ಕಾರ್ಲ್ ವಿಟಕರ್ ಎಂಬ ಮನೋವೈದ್ಯರು ಸ್ವತಃ ಭಾರಿ ಕಿಲಾಡಿ, ಸೆಷನ್‌ನಲ್ಲಿ ಏನು ಬೇಕಾದರೂ ಮಾಡುತ್ತಿದ್ದವರು. ಅವರೂ ಯಾರು ಬರಬೇಕು, ಯಾವಾಗ ಸೇರಬೇಕು ಎನ್ನುವ ವಿಷಯದಲ್ಲಿ ಥೆರಪಿಸ್ಟ್ ಸೋಲಬಾರದು ಎನ್ನುತ್ತಿದ್ದರು. ಆ ಯುದ್ಧ ಗೆದ್ದ ಮೇಲೆ ಬದಲಾಗುವ ಹೊಣೆ ಮನೆಯವರದ್ದು, ಅಲ್ಲಿ ಥೆರಪಿಸ್ಟ್ ಬಿಟ್ಟುಕೊಡಬೇಕು. ನಾನು ಈ ಮನೆಗಳಿಗೆ ಒಂದೇ ಒಂದು ಕಟ್ಟುಪಾಡು ಇಡುತ್ತೇನೆ: ಎಲ್ಲರೂ ಬಂದರೆ ಮಾತ್ರ ಶುರು. ಒಂದು ಸಲ ಮೂರು ಜನ ನಲವತ್ತು ನಿಮಿಷ ನಾಲ್ಕನೆಯವನಿಗಾಗಿ ಕಾದರು. ಎಷ್ಟೋ ತಿಂಗಳ ಮೇಲೆ ಅವರು ಒಂದೇ ವಿಷಯಕ್ಕೆ ಒಟ್ಟಿಗೆ ಸಿಟ್ಟಾದದ್ದು ಆವತ್ತೇ ಅಂತೆ.

ನಮ್ಮ ಮನೇಲಿ ಎಲ್ಲಾ ಮಾತಾಡ್ತೀವಿ. ಆದರೂ ಏನೂ ಬದಲಾಗ್ತಿಲ್ಲ, ಯಾಕೆ?

ಮಾತಾಡುವುದೇ ನಿಮ್ಮ ಮನೆಯ ಕೆಲಸ ಆಗಿಬಿಟ್ಟಿದೆ, ಅದಕ್ಕೆ. ಇಂಥ ಮನೆಯವರು ಥೆರಪಿಸ್ಟ್‌ಗಳಿಗೆ ಬಹಳ ಇಷ್ಟ. ಸಮಯಕ್ಕೆ ಬರುತ್ತಾರೆ, ಓದಿಕೊಂಡು ಬರುತ್ತಾರೆ, ಒಬ್ಬರ ಭಾವನೆಯನ್ನು ಇನ್ನೊಬ್ಬರು ಒಪ್ಪುತ್ತಾರೆ. ಆರು ತಿಂಗಳಾದರೂ ಮಗ ಮಾತ್ರ ಕೋಣೆಯಿಂದ ಹೊರಗೆ ಬಂದಿರುವುದಿಲ್ಲ.

ಇವರಿಗೆ ಮಾತು ಕಡಿಮೆ ಮಾಡಿ ಚಿಕ್ಕ ಕೆಲಸ ಕೊಡುವ ಥೆರಪಿಸ್ಟ್ ಬೇಕು. ಸ್ಟೀವ್ ಡಿ ಶೇಝರ್ ಮತ್ತು ಇನ್ಸೂ ಕಿಮ್ ಬರ್ಗ್ ಎಂಬ ದಂಪತಿ ಅಮೆರಿಕದ ಮಿಲ್ವಾಕಿಯಲ್ಲಿ ಬೆಳೆಸಿದ ಪದ್ಧತಿ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಸಮಸ್ಯೆ ಯಾಕೆ ಬಂತು ಎಂದು ಅಗೆಯುವುದು ಕಡಿಮೆ. ಸಮಸ್ಯೆ ಇಲ್ಲದ ದಿನ ಏನಾಗಿತ್ತು, ಒಂದರಿಂದ ಹತ್ತರಲ್ಲಿ ಈಗ ಎಷ್ಟರಲ್ಲಿದ್ದೀರಿ, ಅರ್ಧ ಮೆಟ್ಟಿಲು ಹತ್ತಿದರೆ ಏನು ಕಾಣುತ್ತದೆ ಎಂದು ಕೇಳುವುದು ಜಾಸ್ತಿ. ಒಂದು ಮನೆಗೆ ನಾನು "ಈ ವಾರ ಈ ವಿಷಯ ಯಾರೂ ಎತ್ತಬಾರದು, ತೀರ್ಮಾನ ಅಮ್ಮನದು, ತಪ್ಪಾದರೂ ಸರಿ" ಎಂದು ಹೇಳಿದೆ. ಅದನ್ನು ಒಪ್ಪಿಸಲು ಮೂರು ಸೆಷನ್ ಚರ್ಚೆ ಆಯಿತು ಎನ್ನುವುದು ಬೇರೆ ಮಾತು.

ಯಾರೂ ಜಗಳವನ್ನೇ ಆಡದ ಮನೆಗೂ ಥೆರಪಿ ಬೇಕಾಗುತ್ತದಾ?

ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಆ ಮನೆ ಇದು. ಸಾಮಾನ್ಯವಾಗಿ ಮಗುವಿನ ಹೊಟ್ಟೆನೋವೋ ಯಾರದೋ ನಿದ್ದೆ ಇಲ್ಲದಿರುವುದೋ ಇವರನ್ನು ಕರೆದುಕೊಂಡು ಬರುತ್ತದೆ. "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೀವಿ". ನೇರ ಪ್ರಶ್ನೆ ಇವರಿಗೆ ಬೈಗುಳದ ಹಾಗೆ ಕೇಳಿಸುತ್ತದೆ. ಈ ಮನೆಯಲ್ಲಿ ಪ್ರೀತಿಯೆಂದರೆ ಕೇಳದೇ ತಿಳಿದುಕೊಳ್ಳುವುದು, ಹಾಗಾಗಿ ಕೇಳಬೇಕಾಗಿ ಬಂದರೆ ಪ್ರೀತಿ ಕಡಿಮೆಯಾಯಿತು ಅಂತಲೇ ಅರ್ಥ.

ಇಲ್ಲಿ ಬಳಸು ದಾರಿ ಬೇಕು. 1970ರ ದಶಕದಲ್ಲಿ ಇಟಲಿಯ ಮಿಲಾನ್‌ನಲ್ಲಿ ಮಾರಾ ಸೆಲ್ವಿನಿ ಪಲಾಝೋಲಿ ಮತ್ತು ಮೂವರು ಜೊತೆಗಾರರು ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳುವ ಪದ್ಧತಿ ಬೆಳೆಸಿದರು. ಅಮ್ಮನನ್ನು "ನಿಮಗೆ ಬೇಜಾರಿದೆಯಾ?" ಎಂದು ಕೇಳುವ ಬದಲು ಮಗಳನ್ನು ಕೇಳುವುದು: "ಅಮ್ಮನಿಗೆ ಬೇಜಾರಾದರೆ ಮನೆಯಲ್ಲಿ ಮೊದಲು ಯಾರಿಗೆ ಗೊತ್ತಾಗುತ್ತದೆ? ಅಪ್ಪ ಆಗ ಏನು ಮಾಡುತ್ತಾರೆ? ನೀನು?" ಯಾರೂ ತಮ್ಮ ಬಗ್ಗೆ ಹೇಳಿಕೊಂಡಂತೆ ಆಗುವುದಿಲ್ಲ, ಆದರೆ ಎಲ್ಲ ಹೊರಗೆ ಬರುತ್ತದೆ. ಆ ತಂಡ ಎರಡು ಸೆಷನ್‌ಗಳ ನಡುವೆ ಸುಮಾರು ಒಂದು ತಿಂಗಳು ಬಿಡುತ್ತಿತ್ತು. ನಿಧಾನವಾಗಿ ಒಳಗೇ ಕುದಿಯುವ ಮನೆಗೆ ಆ ಬಿಡುವು ಒಳ್ಳೆಯದೇ.

ಅಮೆರಿಕದ ಥೆರಪಿಸ್ಟ್ ವರ್ಜೀನಿಯಾ ಸಟೀರ್ (1916–1988) ಮಾತನ್ನೇ ಬದಿಗಿಟ್ಟು, ಮನೆಯವರನ್ನು ಎದ್ದು ನಿಲ್ಲಿಸಿ ಬೊಂಬೆಗಳಂತೆ ಜೋಡಿಸುತ್ತಿದ್ದರು. ಯಾರು ಯಾರಿಗೆ ಹತ್ತಿರ, ಯಾರು ಯಾರಿಗೆ ಬೆನ್ನು ಹಾಕಿದ್ದಾರೆ ಎಂದು ಮೈಯಲ್ಲೇ ತೋರಿಸುವುದು. ನಾನು ಒಮ್ಮೆ ಹತ್ತು ವರ್ಷದ ಹುಡುಗಿಗೆ "ನಿಮ್ಮ ಮನೆಯನ್ನು ಇಲ್ಲಿ ನಿಲ್ಲಿಸು ನೋಡೋಣ" ಎಂದೆ. ಅವಳು ಅಪ್ಪನನ್ನು ಕಿಟಕಿ ಹತ್ತಿರ ನಿಲ್ಲಿಸಿದಳು, ಅಮ್ಮನನ್ನು ಬಾಗಿಲ ಹತ್ತಿರ. ಆಮೇಲೆ ತಾನು ನಡುವೆ ಬಂದು ಎರಡೂ ಕೈ ಚಾಚಿದಳು. ಎರಡೂ ಕಡೆ ಕೈ ಎಟುಕಲಿಲ್ಲ. ಅಷ್ಟೇ. ಆ ಸೆಷನ್‌ನಲ್ಲಿ ನಾನು ಮುಂದೆ ಏನೂ ಕೇಳಬೇಕಾಗಲಿಲ್ಲ.

ಗಂಡನ ಮನೆ ಒಂದು ಥರ, ಹೆಂಡತಿಯ ಮನೆ ಇನ್ನೊಂದು ಥರ. ಆಗ?

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿ. ಇದೇ ಹೆಚ್ಚು ಸಾಮಾನ್ಯ. ಶುದ್ಧ ನಾಲ್ಕು ಜಾಯಮಾನದ ಮನೆಗಳು ಪುಸ್ತಕದಲ್ಲಿರುತ್ತವೆ, ನಮ್ಮ ಮುಂದೆ ಬರುವುದು ಬೆರಕೆ. ಒಬ್ಬರಿಗೆ ಮೌನವೆಂದರೆ ಶಾಂತಿ, ಇನ್ನೊಬ್ಬರಿಗೆ ಮೌನವೆಂದರೆ ಶಿಕ್ಷೆ. ಒಬ್ಬರು ಬೆನ್ನು ಹತ್ತಿ ಕೇಳಿದಷ್ಟೂ ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಇಲ್ಲಿ ಥೆರಪಿಸ್ಟ್ ಇಬ್ಬರ ಭಾಷೆಯನ್ನೂ ಬಲ್ಲ ದುಭಾಷಿ ಆಗಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಗಾದೆಯನ್ನೇ ಅಮೆರಿಕದ ಮನೋವೈದ್ಯ ಮರ್ರೆ ಬೋವನ್ ತ್ರಿಕೋನ ಎಂದು ಕರೆದು ಒಂದು ಸಿದ್ಧಾಂತ ಮಾಡಿದರು: ಇಬ್ಬರ ನಡುವೆ ಬಿಸಿ ಏರಿದಾಗ ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ಆ ಮೂರನೆಯವರು ಮಗು ಆಗಬಹುದು, ಅತ್ತೆ ಆಗಬಹುದು. ಥೆರಪಿಸ್ಟ್ ಕೂಡ ಆಗಬಹುದು, ಹುಷಾರು.

ಎರಡನೇ ಮದುವೆಯಿಂದ ಕೂಡಿದ ಮನೆಗಳದ್ದು ಬೇರೆಯದೇ ಲೆಕ್ಕ. ಅಲ್ಲಿ ಮೊದಲಿನಿಂದ ಇದ್ದ ಹೆತ್ತವರೇ ಶಿಸ್ತಿನ ಕೆಲಸ ನೋಡಿಕೊಳ್ಳಲಿ, ಹೊಸದಾಗಿ ಬಂದವರು ಮೊದಲು ಮಗುವಿನ ಸ್ನೇಹ ಮಾಡಿಕೊಳ್ಳಲಿ ಎನ್ನುವುದು ಈ ಮನೆಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರ ಅನುಭವ. ಇಂಥ ಮನೆಗೆ "ನೀವು ಇಬ್ಬರೂ ಒಂದೇ ಧ್ವನಿಯಲ್ಲಿ ಗದರಿ" ಎಂದು ಹೇಳುವ ಥೆರಪಿಸ್ಟ್ ತಪ್ಪು ಮನೆಯ ಔಷಧಿ ಕೊಡುತ್ತಿದ್ದಾರೆ.

ಹಾಗಾದರೆ ಮನೆಯವರ ತಾಳಕ್ಕೆ ತಕ್ಕ ಹಾಗೆ ಥೆರಪಿಸ್ಟ್ ಕುಣಿಯೋದಾ?

ಮೊದಲು ಹೌದು. ಒಳಗೆ ಹೋಗುವುದು ಆ ಮನೆಯ ಬಾಗಿಲಿಂದಲೇ, ನಮಗೆ ಇಷ್ಟವಾದ ಕಡೆ ಗೋಡೆ ಒಡೆದುಕೊಂಡು ಹೋಗಲು ಆಗುವುದಿಲ್ಲ. ಆದರೆ ಹೋದ ಮೇಲೆ ಅಲ್ಲೇ ಕೂತುಬಿಟ್ಟರೆ ಆ ಮನೆಗೆ ಇನ್ನೊಬ್ಬ ಸದಸ್ಯ ಸಿಕ್ಕ ಹಾಗಾಯಿತು. ಕಟ್ಟುನಿಟ್ಟಿನ ಮನೆಗೆ ಇನ್ನೊಬ್ಬ ಅಪ್ಪ, ಮಾತಿನ ಮನೆಗೆ ಇನ್ನೊಂದು ಬಾಯಿ. ಆ ಮನೆಗೆ ಕಷ್ಟ ಕಾಲದಲ್ಲಿ ಮಾಡಲು ಬಾರದ್ದು ಯಾವುದೋ, ಅದನ್ನು ಚೂರು ಚೂರೇ ತಂದುಕೊಡುವುದು ಎರಡನೇ ಹಂತ. ಯಾವಾಗ ಮೊದಲನೆಯದು ಮುಗಿದು ಎರಡನೆಯದು ಶುರುವಾಗಬೇಕು ಎನ್ನುವುದೇ ಈ ಕೆಲಸದಲ್ಲಿ ಕಷ್ಟದ ಪ್ರಶ್ನೆ. ನನ್ನ ಗುರುತು ಒಂದಿದೆ: ಮನೆಯವರು ನನ್ನ ಮುಂದೆ ನಾನಿಲ್ಲದ ಹಾಗೆ ಒಬ್ಬರನ್ನೊಬ್ಬರು ಛೇಡಿಸಲು ಅಥವಾ ಬೈಯಲು ಶುರು ಮಾಡಿದರೆ ನಾನು ಒಳಗೆ ಬಂದಾಯಿತು.

ಥೆರಪಿಸ್ಟ್‌ಗೂ ಒಂದು ಮನೆ ಇರುತ್ತಲ್ವಾ? ಅವರ ಜಾಯಮಾನ ಅಡ್ಡ ಬರಲ್ವಾ?

ಬರುತ್ತದೆ. ನಾನು ಹೇಳದೇ ತಿಳಿಯುವ ಮನೆಯಲ್ಲಿ ಬೆಳೆದವನು. ಕಲಿಯುವ ದಿನಗಳಲ್ಲಿ ಸೂಪರ್‌ವೈಸರ್ ನನ್ನ ಒಂದು ಸೆಷನ್‌ನ ವಿಡಿಯೋ ಹಾಕಿ, ಏನೂ ಹೇಳದೆ ಐದು ಕಡೆ ನಿಲ್ಲಿಸಿದರು. ಐದೂ ಕಡೆ ಯಾರದೋ ಧ್ವನಿ ಏರಿತ್ತು. ಐದೂ ಕಡೆ ನಾನು ನೀರಿನ ಲೋಟ ಮುಂದೆ ತಳ್ಳಿ ವಿಷಯ ಬದಲಿಸಿದ್ದೆ. ನಮ್ಮಮ್ಮ ಮಾಡುತ್ತಿದ್ದದ್ದೂ ಅದನ್ನೇ! ಬೋವನ್ ಅದಕ್ಕೇ ಥೆರಪಿಸ್ಟ್ ಮೊದಲು ತನ್ನ ಸ್ವಂತ ಮನೆಯ ಜೊತೆ ಕೆಲಸ ಮಾಡಬೇಕು ಎಂದು ಹಟ ಹಿಡಿದರು. ಸ್ವಭಾವ ಬದಲಿಸಿಕೊಳ್ಳಲು ಆಗುವುದಿಲ್ಲ. ಲೋಟದ ಕಡೆ ಕೈ ಹೋಗುತ್ತಿದೆ ಎಂದು ಗೊತ್ತಾದರೆ ಸಾಕು.

ಮಗ ಬರಲ್ಲ ಅಂತಾನೆ. ಎಳೆದುಕೊಂಡು ಬರೋದಾ?

ಬೇಡ. ಡಿ ಶೇಝರ್ ಬರುವವರಲ್ಲಿ ಮೂರು ಬಗೆ ನೋಡಿದರು: ಯಾರೋ ಕಳಿಸಿದ್ದಕ್ಕೆ ಬಂದವರು, ಬೇರೆಯವರು ಬದಲಾಗಲಿ ಎಂದು ದೂರು ತಂದವರು, ತಾವೇ ಏನಾದರೂ ಮಾಡಲು ತಯಾರಿರುವವರು. ಎಳೆದು ತಂದ ಮಗ ಮೊದಲ ಬಗೆ, ಅವನನ್ನು ಎಳೆದುಕೊಂಡು ಬಂದ ಅಪ್ಪ ಎರಡನೆಯದು. ಇಬ್ಬರಿಗೂ ಮನೆಯಲ್ಲಿ ಹೀಗೆ ಮಾಡಿ ನೋಡಿ ಎಂದು ಕೆಲಸ ಕೊಟ್ಟು ಪ್ರಯೋಜನವಿಲ್ಲ. ತಯಾರಿರುವವರು ಒಬ್ಬರೇ ಬಂದರೂ ಶುರು ಮಾಡಬಹುದು. "ತಮ್ಮ ಪಾಡಿನ ಮನೆಗೆ ಎಲ್ಲರೂ ಬರಲೇಬೇಕು ಅಂದಿರಲ್ಲ?" ಎಂದು ನೀವು ಕೇಳಬಹುದು. ಹೌದು, ಅಂದೆ. ಅಲ್ಲಿ ಬಾರದಿರುವುದು ಮರೆವು, ಇಲ್ಲಿ ಬಾರದಿರುವುದು ಹಟ.

ಥೆರಪಿಸ್ಟ್ ನನ್ನ ಹೆಂಡತಿಯ ಪರ ಇದ್ದಾರೆ ಅನಿಸುತ್ತಿದೆ.

ಹೇಳಿಬಿಡಿ, ಅವರ ಮುಖಕ್ಕೇ. ಮನೆಯಲ್ಲಿ ಒಬ್ಬರಿಗೆ ಥೆರಪಿಸ್ಟ್ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದೇ ಇದ್ದರೆ ಥೆರಪಿ ಅರ್ಧಕ್ಕೆ ನಿಲ್ಲುವ ಸಾಧ್ಯತೆ ಜಾಸ್ತಿ. ಇವಾನ್ ಬೋಸೋರ್ಮೆನ್ಯಿ-ನಾಜ್ ಎಂಬ ಹಂಗೇರಿ ಮೂಲದ ಮನೋವೈದ್ಯರು, ಥೆರಪಿಸ್ಟ್ ಯಾರ ಪರವೂ ಇಲ್ಲದೆ ಇರುವುದಕ್ಕಿಂತ ಸರದಿಯ ಮೇಲೆ ಪ್ರತಿಯೊಬ್ಬರ ಪರವೂ ನಿಲ್ಲಬೇಕು ಎಂದರು. ಹಾಗಾಗಿ ಒಂದು ದಿನ ಅವರು ನಿಮ್ಮ ಹೆಂಡತಿಯ ಪರ ಇರಬಹುದು. ನಿಮ್ಮ ಸರದಿ ಬರುತ್ತಲೇ ಇಲ್ಲ ಎಂದಾದರೆ ಕೇಳಬೇಕು.

ಕಾಯಿಲೆ ಇದ್ದಾಗಲೂ ಮನೆಯ ಜಾಯಮಾನವನ್ನೇ ನೋಡೋದಾ?

ಕೆಲವು ಕಾಯಿಲೆಗಳಿಗೆ ಇಂಥದ್ದೇ ಮಾಡಬೇಕು ಎಂಬುದಕ್ಕೆ ಗಟ್ಟಿ ಆಧಾರ ಇದೆ, ಅಲ್ಲಿ ಮೊದಲು ಅದು. ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾ ಹದಿಹರೆಯದವರಿಗೆ ಬಂದಾಗ, ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಶುರುವಾದ ಪದ್ಧತಿಯಲ್ಲಿ ಹೆತ್ತವರೇ ಊಟದ ಹೊಣೆ ಹೊರುತ್ತಾರೆ, ಮಗು ಚೇತರಿಸಿಕೊಂಡಂತೆ ಹಂತ ಹಂತವಾಗಿ ಅದನ್ನು ಅವಳ ಕೈಗೆ ವಾಪಸ್ ಕೊಡುತ್ತಾರೆ. ತಮ್ಮ ಪಾಡಿನ ಮನೆಯವರಿಗೆ ಇದು ಬಹಳ ಕಷ್ಟ, ಆದರೂ ಮಾಡಲೇಬೇಕು.

ಅದರೊಳಗೂ ಹೊಂದಿಸುವುದು ಇದೆ. 2000ದಲ್ಲಿ ಅದೇ ಲಂಡನ್ನಿನ ಇವಾನ್ ಐಸ್ಲರ್ ಮತ್ತು ಸಂಗಡಿಗರು ಎರಡು ಬಗೆ ಹೋಲಿಸಿದರು: ಮನೆಮಂದಿಯನ್ನೆಲ್ಲ ಒಟ್ಟಿಗೆ ಕೂರಿಸುವುದು, ಹೆತ್ತವರನ್ನೂ ಮಗುವನ್ನೂ ಬೇರೆ ಬೇರೆ ನೋಡುವುದು. ತಾಯಿ ಮಗಳನ್ನು ತುಂಬ ಟೀಕಿಸುವ ಮನೆಗಳಲ್ಲಿ ಬೇರೆ ಬೇರೆ ನೋಡಿದ್ದೇ ಹೆಚ್ಚು ಫಲ ಕೊಟ್ಟಿತು. 2005ರಲ್ಲಿ ಜೇಮ್ಸ್ ಲಾಕ್ ಅವರ ತಂಡ ಆರು ತಿಂಗಳಲ್ಲಿ 10 ಸೆಷನ್ ಮತ್ತು ಒಂದು ವರ್ಷದಲ್ಲಿ 20 ಸೆಷನ್ ಹೋಲಿಸಿ ನೋಡಿತು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಹೆತ್ತವರು ಬೇರೆಯಾದ ಅಥವಾ ಒಬ್ಬರೇ ಇರುವ ಮನೆಗಳಿಗೆ ಉದ್ದದ್ದೇ ಒಳ್ಳೆಯದಾಯಿತು. ಒಬ್ಬರೇ ಎರಡು ಕೈ ಕೆಲಸ ಮಾಡುವಾಗ ಹೊತ್ತು ಜಾಸ್ತಿ ಬೇಕಾಗುತ್ತದೆ, ಅಲ್ವಾ?

ಇಲ್ಲದ ಧ್ವನಿ ಕೇಳಿಸುವ, ಇಲ್ಲದ್ದನ್ನು ನಿಜ ಎಂದು ನಂಬಿಸುವ ಸ್ಕಿಜೋಫ್ರೀನಿಯಾ ಕಾಯಿಲೆ ಇರುವ ಮನೆಗಳಿಗೆ ಕಾಯಿಲೆಯ ಬಗ್ಗೆ ತಿಳಿಸಿ ಹೇಳಿ, ಟೀಕೆಯ ಬಿಸಿ ಕಡಿಮೆ ಮಾಡುವ ಕೆಲಸ ಕಾಯಿಲೆ ಮರುಕಳಿಸುವುದನ್ನು ತಗ್ಗಿಸುತ್ತದೆ. ಅಲ್ಲಿ ಗುಟ್ಟು ಅಗೆಯುವ, ಕಣ್ಣೀರು ಹಾಕಿಸುವ ಥೆರಪಿ ಬೇಡ. ಮದ್ದಿನ ಜೊತೆ ಇದು, ಮದ್ದಿನ ಬದಲು ಅಲ್ಲ.

ಮನೆಯಲ್ಲಿ ಹೊಡೆತ ಇದ್ದರೆ?

ಒಬ್ಬರಿಗೆ ಇನ್ನೊಬ್ಬರ ಭಯ ಇದ್ದರೆ ಜೊತೆಗೆ ಕೂರಿಸಿ ಮಾತಾಡಿಸುವುದೇ ಅಪಾಯ. ಇಲ್ಲಿ ಹೇಳಿದ್ದು ಸೆಷನ್ ಮುಗಿದ ಮೇಲೆ ಅವರ ಮೈಮೇಲೆ ಬರುತ್ತದೆ. ಅದಕ್ಕೇ ನಾನು ಜೋಡಿಗಳನ್ನು ಮೊದಲೇ ಒಬ್ಬೊಬ್ಬರನ್ನಾಗಿ ಒಮ್ಮೆ ನೋಡುತ್ತೇನೆ. ಭಯ ಇದೆ ಎಂದು ಗೊತ್ತಾದರೆ ಜಾಯಮಾನದ ಮಾತೆಲ್ಲ ಬದಿಗೆ, ಮೊದಲು ಸುರಕ್ಷತೆ. ಇದನ್ನು ಕೇಳದೇ ನೇರ ಜೋಡಿ ಥೆರಪಿಗೆ ಇಳಿಯುವ ಥೆರಪಿಸ್ಟ್ ಕಂಡರೆ ದೂರ ಇರಿ.

ಅಷ್ಟಕ್ಕೂ ಯಾವ ಪದ್ಧತಿ ಬೆಸ್ಟ್?

ಫ್ಯಾಮಿಲಿ ಥೆರಪಿ ಸಂಶೋಧಕ ಡಗ್ಲಾಸ್ ಸ್ಪ್ರೆಂಕ್ಲ್ ಮತ್ತು ಜೊತೆಗಾರರು ಒಂದು ವಾದ ಮುಂದಿಟ್ಟರು: ಒಳ್ಳೆಯ ಪದ್ಧತಿಗಳ ನಡುವಿನ ವ್ಯತ್ಯಾಸಕ್ಕಿಂತ, ಅವೆಲ್ಲದರಲ್ಲೂ ಸಮಾನವಾಗಿ ಇರುವುದೇ ಹೆಚ್ಚು ಕೆಲಸ ಮಾಡುತ್ತದೆ. ಅಂದರೆ ಮನೆಯವರ ಜೊತೆಗಿನ ನಂಟು, ಭರವಸೆ, ಒಬ್ಬರ ಸಮಸ್ಯೆಯನ್ನು ಎಲ್ಲರ ನಡುವಿನ ಸಮಸ್ಯೆಯಾಗಿ ನೋಡುವುದು, ಕೆಟ್ಟ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯುವುದು. ನಾನು ಬಹುಪಾಲು ಒಪ್ಪುತ್ತೇನೆ. ಆದರೆ ಇದನ್ನು ನೆಪ ಮಾಡಿಕೊಂಡು ಯಾವ ಪದ್ಧತಿಯನ್ನೂ ಸರಿಯಾಗಿ ಕಲಿಯದವರನ್ನೂ ನೋಡಿದ್ದೇನೆ. ಎರಡು ಮೂರನ್ನಾದರೂ ಆಳವಾಗಿ ಕಲಿತಿರಬೇಕು, ಇಲ್ಲದಿದ್ದರೆ ಬದಲಿಸಲು ಕೈಯಲ್ಲಿ ಏನಿರುತ್ತದೆ?

ಥೆರಪಿಸ್ಟ್ ನಮಗೆ ಹೊಂದುತ್ತಿಲ್ಲ. ಹೇಗೆ ಹೇಳೋದು?

ಹೇಳುವ ರೀತಿಯಲ್ಲೂ ನಿಮ್ಮ ಮನೆಯ ಜಾಯಮಾನ ಕಾಣುತ್ತದೆ. ಕಟ್ಟುನಿಟ್ಟಿನ ಮನೆಯವರು ಅಪ್ಪನ ಕೈಲಿ ಫೋನ್ ಮಾಡಿಸಿ ನಿಲ್ಲಿಸುತ್ತಾರೆ. ತಮ್ಮ ಪಾಡಿನವರು ಬರುವುದನ್ನೇ ಮರೆಯುತ್ತಾರೆ. ಮಾತಿನವರು ಹೊಂದುತ್ತಿಲ್ಲ ಎನ್ನುವುದರ ಬಗ್ಗೆಯೇ ನಾಲ್ಕು ಸೆಷನ್ ಮಾತಾಡುತ್ತಾರೆ. ಹೇಳದೇ ತಿಳಿಯುವವರು "ತುಂಬ ಉಪಯೋಗ ಆಯ್ತು" ಎಂದು ಕೈ ಮುಗಿದು ಹೋಗುತ್ತಾರೆ, ಮತ್ತೆ ಕಾಣುವುದಿಲ್ಲ.

ಸುಲಭದ ದಾರಿ ಒಂದಿದೆ. ಮೂರನೇ ಸೆಷನ್ ಮುಗಿಯುವಾಗ ಇಷ್ಟು ಕೇಳಿ: "ನಮ್ಮ ಮನೆ ಬಗ್ಗೆ ನಿಮಗೆ ಏನು ಅರ್ಥವಾಗಿದೆ, ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ವಾಕ್ಯ ಹೇಳಿ." ಮಗುವಿಗೆ ಹೇಳಿದ ವಾಕ್ಯ ಕೇಳಿ ಮಗು ತಲೆ ಎತ್ತಿತಾ ನೋಡಿ. ಒಬ್ಬರ ಬಗ್ಗೆ ಮಾತ್ರ ನಾಲ್ಕು ವಾಕ್ಯ ಬಂದು, ಉಳಿದವರಿಗೆ ಏನೂ ಬರದಿದ್ದರೆ, ಅದನ್ನೇ ಹೇಳಿ. ಥೆರಪಿಸ್ಟ್ ಸಿಡುಕಿದರೆ ಬೇರೆಯವರನ್ನು ಹುಡುಕಿ. ಪೆನ್ನು ತಗೊಂಡು ಬರೆದುಕೊಂಡರೆ ಇನ್ನೂ ಮೂರು ಸಲ ಹೋಗಿ ನೋಡಿ.